ಕೌದಿಗೆ ಇಟ್ಟ ತುತ್ತು

ಹಿಂದಿನ ಮನೆಯಾಕೆ ನೆನಪಾದರೆ ನನಗೆ ಇವತ್ತಿಗೂ ಒಳಗೊಳಗೇ ಚುರ್ ಅನ್ನುತ್ತದೆ. ಅವಳ ಹೆಸರು ಬರೆಯುವುದಿಲ್ಲ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಕಡೆಗೆ ನಮ್ಮ ಬಾಗಿಲು, ಹಿಂದಿನ ಓಣಿಯ ಕಡೆಗೆ ಅವಳ ಬಾಗಿಲು. ಅವಳು ರೊಟ್ಟಿ ಬಡಿಯುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನಾನು ಗಂಡನ ಮೇಲೆ ರೇಗುವುದು ಅವಳ ಒಲೆಯ ಮುಂದೆ ಕೇಳುತ್ತಿತ್ತು. ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇರಲಿಲ್ಲ, ಒಂದನ್ನು ಬಿಟ್ಟು.

ನಾವು ಕಾಲುವೆ ನೀರಿನವರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮಾವನ ನಾಲ್ಕು ಎಕರೆಯಲ್ಲಿ ಭತ್ತವೂ ಕಬ್ಬೂ ಬೆಳೆಯುತ್ತಿದ್ದವು. ಅಟ್ಟದ ಮೇಲೆ ವರ್ಷಕ್ಕಾಗುವಷ್ಟು ಬೆಲ್ಲದ ಪೆಂಟೆ, ಪಡಸಾಲೆಯಲ್ಲಿ ರೇಡಿಯೋ. ಸಾಲದ್ದಕ್ಕೆ ನಾನು ಎಸ್ಸೆಸ್ಸೆಲ್ಸಿ ಪಾಸು. ನಮ್ಮ ಓಣಿಯ ಹೆಂಗಸರಲ್ಲಿ ಪಾಸಾದವಳು ನಾನೊಬ್ಬಳೇ. ಯಾರೂ ಕೇಳದಿದ್ದರೂ ಅದನ್ನು ಹೇಳಿಕೊಳ್ಳುತ್ತಿದ್ದೆ. ಅವಳ ಗಂಡ ಸಂಡೂರಿನ ಗುಡ್ಡದಲ್ಲಿ ಲಾರಿಗೆ ಅದಿರು ತುಂಬುವ ಗುತ್ತಿಗೆ ಕೂಲಿ. ಸಂಜೆ ಮನೆಗೆ ಬರುವಾಗ ತಲೆಯಿಂದ ಕಾಲಿನವರೆಗೆ ಕೆಂಪು. ಅವನ ಬಟ್ಟೆಯನ್ನು ಅವಳು ಕಾಲುವೆ ಮೆಟ್ಟಿಲ ಮೇಲೆ ಒಗೆದರೆ ಕೆಳಗಿನ ಮೆಟ್ಟಿಲವರು ಬೈಯುತ್ತಿದ್ದರು. ನಾನು ಅವಳಿಗೆ ಹಳೆಯ ಸೀರೆ ಕೊಡುತ್ತಿದ್ದೆ, ಮಜ್ಜಿಗೆ ಕೊಡುತ್ತಿದ್ದೆ, ಬುದ್ಧಿವಾದವನ್ನಂತೂ ಧಾರಾಳವಾಗಿ ಕೊಡುತ್ತಿದ್ದೆ. ಕೊಡುವ ಕೈ ನನ್ನದು, ಒಡ್ಡುವ ಸೆರಗು ಅವಳದು. ಅದು ಹಾಗೇ ಇದ್ದಷ್ಟು ದಿನ ನಾವಿಬ್ಬರೂ ಬಹಳ ಚೆನ್ನಾಗಿದ್ದೆವು.

ಎಂಬತ್ತರ ದಶಕದ ಹೊಸತರಲ್ಲಿ ಅದಿರಿನ ಕಂಪನಿಯೊಂದು ಪ್ರತಿಷ್ಠಾನ ಮಾಡಿತು. ಊರವರ ಬಾಯಲ್ಲಿ ಅದು ‘ಕಂಪನಿ ಟ್ರಸ್ಟು’. ಗುಡ್ಡದ ಮಗ್ಗುಲಿನ ಹಳ್ಳಿಗಳಿಗೆ ಶಾಲೆಯ ಕೋಣೆ ಕಟ್ಟಿಸಿದರು, ಮಕ್ಕಳಿಗೆ ನೋಟುಬುಕ್ಕು ಹಂಚಿದರು, ಕಣ್ಣಿನ ಕ್ಯಾಂಪು ನಡೆಸಿದರು. ಗುಡ್ಡವನ್ನೇ ಹೊತ್ತೊಯ್ಯುವವರು ಒಂದು ಬೊಗಸೆ ವಾಪಸು ಕೊಟ್ಟರೆ ಅದೇನು ದೊಡ್ಡಸ್ತಿಕೆ ಎಂದು ನನ್ನ ಗಂಡ ಆಡಿಕೊಳ್ಳುತ್ತಿದ್ದರು. ಆದರೆ ಟ್ರಸ್ಟಿನ ಜೀಪು ನಮ್ಮ ಮನೆಯ ಮುಂದೆ ನಿಂತ ದಿನ ಎಲ್ಲರಿಗಿಂತ ಮೊದಲು ಎದ್ದು ಹೋಗಿ ಕುರ್ಚಿ ಹಾಕಿದವರೂ ಅವರೇ.

ಜೀಪಿನಿಂದ ಇಳಿದವರು ಒಬ್ಬ ಮೇಡಂ. ನೂಲಿನ ಸೀರೆ, ಕೈಯಲ್ಲಿ ಗಡಿಯಾರ ಬಿಟ್ಟರೆ ಬಳೆಯಿಲ್ಲ. ರಸ್ತೆಯಾಚೆಯ ಖಾಲಿ ಗೋದಾಮಿನಲ್ಲಿ ಹೆಂಗಸರಿಗಾಗಿ ಕೌದಿ ಕೇಂದ್ರ ತೆಗೆಯುತ್ತೇವೆ, ಹೊಲಿದ ಕೌದಿ ಬೆಂಗಳೂರಿಗೆ ಹೋಗುತ್ತದೆ, ಹಂಪಿ ಬಜಾರಿನಲ್ಲೂ ಮಾರಾಟಕ್ಕೆ ಇಡುತ್ತೇವೆ ಎಂದರು. ನಮಗೆಲ್ಲ ನಗು. ಹಳೆಯ ಸೀರೆ, ಹರಿದ ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಬೇಸಿಗೆಯಲ್ಲಿ ನಾಲ್ಕು ಜನ ಕೂತು ಹರಟುತ್ತ ಹೊಲಿಯುವ ಕೌದಿಯನ್ನು ಬೆಂಗಳೂರಿನವರು ಏನು ಮಾಡುತ್ತಾರೆ? ಮೇಡಂ ನಗಲಿಲ್ಲ. ಬರುವ ಸೋಮವಾರ ಪ್ರತಿಯೊಬ್ಬರೂ ತಾವು ಹೊಲಿದ ಒಂದು ಕೌದಿ ತನ್ನಿ, ನಿಮ್ಮಲ್ಲೇ ಒಬ್ಬರನ್ನು ಟೀಚರ್ ಮಾಡುತ್ತೇವೆ ಎಂದರು. ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಟೀಚರಮ್ಮನ ಒಂದು ಮಗುವಿಗೆ ಸಂಡೂರಿನ ಕಡೆಯ ಕಂಪನಿ ಶಾಲೆಯಲ್ಲಿ ಸೀಟು.

ಆ ಶಾಲೆಗೆ ಬೇರೆಯವರ ಮಕ್ಕಳನ್ನು ಸೇರಿಸುತ್ತಿರಲಿಲ್ಲ. ದುಡ್ಡು ಕೊಡುತ್ತೇವೆಂದರೂ ಇಲ್ಲ. ಕಂಪನಿಯ ನೌಕರರ ಮಕ್ಕಳನ್ನು ಹೊತ್ತ ನೀಲಿ ಬಸ್ಸು ದಿನಾ ನಮ್ಮ ಬಾಗಿಲ ಮುಂದೆಯೇ ಹಾಯ್ದು ಹೋಗುತ್ತಿತ್ತು. ನನ್ನ ಮಗಳು ಆಗ ನಾಲ್ಕನೇ ಇಯತ್ತೆ. ಹಿಂದಿನ ಮನೆಯಾಕೆಯ ಮಗಳೂ ಅದೇ ಕ್ಲಾಸು, ಒಂದೇ ಬೆಂಚು. ಟೀಚರು ಎಂದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದ ನಾನಲ್ಲದೆ ಇನ್ಯಾರು? ಆ ವಾರವೇ ಮಗಳಿಗೆ ಹೇಳಿಬಿಟ್ಟೆ, ನೀನು ಜೂನ್‌ನಿಂದ ನೀಲಿ ಬಸ್ಸಿನಲ್ಲಿ ಹೋಗುತ್ತೀ ಎಂದು.

ಸೋಮವಾರ ಗೋದಾಮಿನ ನೆಲದ ಮೇಲೆ ಹದಿಮೂರು ಕೌದಿ ಹಾಸಿದೆವು. ನನ್ನದರಲ್ಲಿ ರೇಷ್ಮೆ ಖಣದ ತುಂಡುಗಳಿದ್ದವು, ದೂರದಿಂದಲೇ ಮಿರುಗುತ್ತಿದ್ದವು. ಮೇಡಂ ಎಲ್ಲವನ್ನೂ ನೋಡಿದರು. ಆಮೇಲೆ ಒಂದೊಂದನ್ನೇ ಮಗುಚಿ ಹಾಕಿದರು.

“ಕೌದಿಯನ್ನು ಹಿಂದಿನಿಂದ ನೋಡಬೇಕು” ಎಂದರು.

ನನ್ನ ಕೌದಿಯ ಹಿಂಬದಿಯಲ್ಲಿ ಗಂಟುಗಳು, ಎಳೆಗಳು, ಒಂದು ಹೊಲಿಗೆ ಗೇಣುದ್ದ, ಇನ್ನೊಂದು ಬೆರಳುದ್ದ. ಹಿಂದಿನ ಮನೆಯಾಕೆಯದನ್ನು ಮಗುಚಿದರು. ಮುಂದೆ ಹೇಗೋ ಹಿಂದೆಯೂ ಹಾಗೇ. ಭತ್ತದ ಕಾಳು ಸಾಲಾಗಿ ಇಟ್ಟ ಹಾಗೆ ಹೊಲಿಗೆ. ಅದರ ತುಂಬ ಇದ್ದದ್ದು ನಾನು ಕೊಟ್ಟ ಹಳೆಯ ಸೀರೆಗಳು.

“ಅಯ್ಯ, ನನಗ ಓದಾಕ ಬರದಿಲ್ರಿ ಮೇಡಂ. ಅಕ್ಕಾರು ಓದ್ಯಾರ, ಅವ್ರನ್ನ ಮಾಡ್ರಿ” ಎಂದು ಅವಳು ನನ್ನನ್ನು ತೋರಿಸಿದಳು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಒಳ್ಳೆಯತನ ಅನ್ನುತ್ತಿದ್ದರು. ನನಗೆ ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

“ಹೊಲಿಗೆಗೆ ಓದು ಬೇಡ. ಓದುವ ಬರೆಯುವ ಕೆಲಸ ಇವರು ನೋಡಿಕೊಳ್ಳಲಿ” ಎಂದರು ಮೇಡಂ. ನಾನು ನಾಚಿಕೆ ಬಿಟ್ಟು, ಹಾಗಾದರೆ ನನ್ನ ಮಗಳಿಗೂ ಸೀಟು ಸಿಗಬಹುದೇ ಎಂದು ಕೇಳಿದೆ. “ನಿಮಗೆ ಕಾಲುವೆ ಕೆಳಗೆ ಗದ್ದೆ ಇದೆಯಲ್ಲ. ಇದು ಇಲ್ಲದವರಿಗಾಗಿ ಮಾಡಿರುವುದು” ಎಂದರು. ಗದ್ದೆ ಇದ್ದದ್ದಕ್ಕೆ ನಾನು ತಲೆ ತಗ್ಗಿಸಿದ್ದು ಜೀವನದಲ್ಲಿ ಅದೊಂದೇ ಸಲ.

ಅಲ್ಲಿಂದ ನನ್ನ ಕೆಲಸವೆಂದರೆ ಹಾಜರಿ ಬರೆಯುವುದು, ಬಂದ ಕಾಗದ ಓದಿ ಹೇಳುವುದು, ಪ್ರತಿ ಕೌದಿಗೂ ಹೊಲಿಯುವ ಬಟ್ಟೆಚೀಟಿಯ ಮೇಲೆ ಮಾಸದ ಮಸಿಯಲ್ಲಿ ಹೆಸರು ಬರೆಯುವುದು. ಹೊಲಿದವರ ಹೆಸರು ಕೆಳಗೆ, ಕಲಿಸಿದವಳ ಹೆಸರು ಮೇಲೆ. ಅವಳ ಹೆಸರನ್ನು ನಾನು ಎಷ್ಟು ಸಲ ಬರೆದಿದ್ದೇನೋ, ನನ್ನ ಹೆಸರನ್ನೇ ಅಷ್ಟು ಸಲ ಬರೆದಿಲ್ಲ. ದಿನವಿಡೀ ಮೊಸರಿನಲ್ಲಿ ಕಲ್ಲು ಹುಡುಕುತ್ತಿದ್ದೆ. ಅವಳು ಕೂರುವ ರೀತಿ ಸರಿಯಿಲ್ಲ, ಹಲ್ಲಿನಲ್ಲಿ ದಾರ ಕಡಿಯುತ್ತಾಳೆ, ಹೆಂಗಸರಿಗೆ ಸಲುಗೆ ಕೊಡುತ್ತಾಳೆ. ಹುಡುಕಿದೆನೇ ಹೊರತು ಹೊಲಿಗೆಯಲ್ಲಿ ಒಂದು ತಪ್ಪೂ ನನಗೆ ಸಿಗಲಿಲ್ಲ.

ಜೂನ್ ಬಂತು. ನೀಲಿ ಬಸ್ಸು ನಮ್ಮ ಬಾಗಿಲ ಮುಂದೆ ನಿಲ್ಲತೊಡಗಿತು. ಹಿಂದಿನ ಓಣಿಗೆ ಬಸ್ಸು ಹೋಗುವುದಿಲ್ಲವಲ್ಲ, ಅವಳ ಮಗಳು ನಮ್ಮ ಮನೆಯ ಕಟ್ಟೆಯ ಮೇಲೆಯೇ ಬಂದು ಕೂರುತ್ತಿದ್ದಳು. ಬಿಳಿ ಅಂಗಿ, ನೀಲಿ ಲಂಗ, ಕಪ್ಪು ಬೂಟು. ಬೂಟಿಗೆ ಕೆಂಪು ಧೂಳು ತಾಗಬಾರದೆಂದು ಕಾಲು ಮೇಲೆತ್ತಿ ಕೂರುತ್ತಿದ್ದಳು. ನನ್ನ ಮಗಳು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು.

“ಅವ್ವಾ, ನಾ ಹೋಗ್ತೀನಿ ಅಂದಿದ್ದಿಲ್ಲ? ಆಕಿ ಯಾಕ ಹೊಂಟಾಳ?”

“ನಿಮ್ಮಪ್ಪಗ ಗದ್ದಿ ಐತಿ, ಅದಕ್ಕ” ಎಂದೆ. ಹತ್ತು ವರ್ಷದ ಹುಡುಗಿಗೆ ಅದೇನು ಅರ್ಥವಾದೀತು? ಅವತ್ತು ಊಟ ಬಿಟ್ಟು ಮಲಗಿದಳು.

ಬಸ್ಸು ನಿಲ್ಲತೊಡಗಿ ಎಂಟು ದಿನವಾಗಿರಬೇಕು. ಕೇಂದ್ರದಲ್ಲಿ ಹನ್ನೆರಡು ಕೌದಿ ಮುಗಿಯುತ್ತ ಬಂದಿದ್ದವು, ಪ್ರತಿಯೊಂದರ ಒಂದು ಮೂಲೆ ಮಾತ್ರ ಬಾಕಿ. ನಮ್ಮಲ್ಲಿ ಕೌದಿಯ ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ. ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಹೊಲಿಯುತ್ತಾರೆ. ಕೌದಿ ಉಪವಾಸ ಇದ್ದರೆ ಹೊದ್ದವರೂ ಉಪವಾಸ ಎಂದು ನಂಬಿಕೆ. ಆ ಮೂಲೆ ಮುಚ್ಚುವುದು ಹಿರಿಯಳ ಕೆಲಸ. ಕೇಂದ್ರದಲ್ಲಿ ಹಿರಿಯಳು ಅಂದರೆ ಟೀಚರಮ್ಮ.

ಆಗ ಮೇಡಂ ಬೆಂಗಳೂರಿನಲ್ಲಿದ್ದರು. ಜೀಪಿನ ಡ್ರೈವರ್ ಕೈಯಲ್ಲಿ ಟೈಪು ಮಾಡಿದ ಒಂದು ಕಾಗದ ಕಳಿಸಿದ್ದರು. ನಾನು ಮಧ್ಯದಲ್ಲಿ ನಿಂತು ಓದಿದೆ. ಕೌದಿಗಳನ್ನು ಎರಡು ದಿನ ಬಿಸಿಲಿಗೆ ಹಾಕಿ. ನಾಲ್ಕು ಮಡಿಕೆ ಮಾಡಿ. ಮಡಿಕೆಯೊಳಗೆ ಬೇವಿನ ಸೊಪ್ಪು ಇಡಿ. ದಸರೆಯ ಪ್ರದರ್ಶನದವರೆಗೆ ಕೌದಿಗಳು ಬೆಂಗಳೂರಿನ ನಮ್ಮ ಗೋದಾಮಿನಲ್ಲಿ ಇರುತ್ತವೆ. ಅದರ ಕೆಳಗಿನ ಸಾಲು ಹೀಗಿತ್ತು: ‘ಮೂಲೆಯಲ್ಲಿ ತಿನಿಸು ಇಟ್ಟು ಹೊಲಿಯುವ ಪದ್ಧತಿ ನಿಮ್ಮಲ್ಲಿದೆ. ಈ ಕೌದಿಗಳಲ್ಲಿ ಮಾತ್ರ ಏನನ್ನೂ ಇಡಬಾರದು. ಇಲಿ, ಇರುವೆ ಬರುತ್ತವೆ.’

ನನ್ನ ಕಣ್ಣು ಆ ಸಾಲಿನ ಮೇಲೆ ನಿಂತಿತು. ಬಾಯಿ ಅದನ್ನು ದಾಟಿ ಮುಂದಿನ ಸಾಲಿಗೆ ಹೋಯಿತು. ಚೀಟಿಗಳನ್ನು ಎಡಗಡೆ ಹೊಲಿಯಿರಿ, ಇತಿ ನಮಸ್ಕಾರ ಎಂದು ಓದಿ ಕಾಗದ ಮಡಿಚಿದೆ. ಮರೆತು ಬಿಟ್ಟದ್ದಲ್ಲ. ಬೇಕೆಂದೇ ಬಿಟ್ಟೆ. ಬಿಡುವಾಗ ಕಪ್ಪು ಬೂಟು ಕಣ್ಣ ಮುಂದಿತ್ತು.

ತಿದ್ದಿಕೊಳ್ಳಲು ದೇವರು ನನಗೆ ಇನ್ನೊಂದು ಅವಕಾಶ ಕೊಟ್ಟ, ಅದನ್ನೂ ಹೇಳಬೇಕು. ಅವತ್ತೇ ಸಂಜೆ ಅವಳು ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

“ಅಕ್ಕಾರ, ಮನ್ಯಾಗ ಬೆಲ್ಲ ತೀರೈತಿ. ಒಂದೀಟು ಕೊಡ್ರಿ. ನಾಳಿ ಹನ್ನೆರಡೂ ಮೂಲಿ ಮುಚ್ಚಬೇಕು.”

ನಾನು ಅಟ್ಟ ಹತ್ತಿದೆ. ಹೊಸ ಬೆಲ್ಲದ ಪೆಂಟೆ ಇಳಿಸಿ, ಒಡೆದು, ಅವಳ ಸೆರಗಿನ ತುಂಬ ಹಾಕಿದೆ.

“ಇಷ್ಟ್ಯಾಕ್ರೀ ಅಕ್ಕಾರ? ಭಾಳ ಆತು.”

“ಇರ್ಲಿ ಬಿಡು. ಬೆಂಗಳೂರಿಗೆ ಹೋಗೋವು ಹೊಟ್ಟಿ ತುಂಬ ಉಂಡು ಹೋಗಲಿ” ಎಂದೆ.

ಅವಳು ಕೈಮುಗಿದು ಹೋದಳು. ಮರುದಿನ ಅವಳು ಮೂಲೆ ಮುಚ್ಚುವಾಗ ನಾನು ಹತ್ತಿರವೇ ಕೂತು ಹೆಸರಿನ ಚೀಟಿ ಬರೆಯುತ್ತಿದ್ದೆ. ಪ್ರತಿಯೊಂದಕ್ಕೂ ಅವಳು ಮಗುವಿಗೆ ಉಣಿಸುವಂತೆ, “ತಗೋ, ಉಣ್ಣು” ಅಂದು ತುತ್ತು ಇಡುತ್ತಿದ್ದಳು.

ದಸರೆಗೆ ಎಂಟು ದಿನ ಇರುವಾಗ, ಬೆಂಗಳೂರಿಗೆ ಹೋಗಿದ್ದ ಕೌದಿಗಳ ಮೂಟೆ ವಾಪಸು ಬಂತು. ಮೇಡಂ ಜೊತೆಗೆ ಬಂದಿದ್ದರು. ಗೋದಾಮಿನ ನೆಲದ ಮೇಲೆ ಬಿಚ್ಚಿ ಹಾಕಿದರು. ಎಲ್ಲ ಕೌದಿಗಳ ಮೂಲೆ ಇಲಿ ಕಡಿದು ಗುಂಜು ಗುಂಜಾಗಿತ್ತು. ಕೆಲವು ನಡುವಿನವರೆಗೂ ತೂತು. ಹೆಂಗಸರ ಇಡೀ ಬೇಸಿಗೆ ಅಲ್ಲಿ ಬಿದ್ದಿತ್ತು.

“ಕಾಗದ ಕಳಿಸಿದ್ದೆನಲ್ಲ, ಓದಿ ಹೇಳಲಿಲ್ಲವೇ?” ಎಂದು ಮೇಡಂ ನನ್ನನ್ನು ಕೇಳಿದರು.

“ಓದಿ ಹೇಳೀನ್ರಿ. ಎಲ್ಲಾರ ಮುಂದ ನಿಂತು ಓದೀನಿ.”

ಒಬ್ಬ ಹೆಂಗಸಾದರೂ, ನೀನು ಅದನ್ನು ಓದಲಿಲ್ಲ ಅಂದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಯಾರೂ ಅನ್ನಲಿಲ್ಲ. ಒಬ್ಬಳು, ನನ್ನ ಕೂಸು ಅಳುತ್ತಿತ್ತು, ಕೇಳಿಸಿರಲಿಕ್ಕಿಲ್ಲ ಅಂದಳು. ಇನ್ನೊಬ್ಬಳು ಅವತ್ತು ಲಾರಿ ಸದ್ದು ಜೋರಿತ್ತು ಅಂದಳು. ಓದು ಬಾರದವರು ಹಾಗೇ. ಕಾಗದದ ಮೇಲೆ ಅನುಮಾನ ಬರುವುದಿಲ್ಲ ಅವರಿಗೆ, ತಮ್ಮ ಕಿವಿಯ ಮೇಲೆ ಬರುತ್ತದೆ. ಹಿಂದಿನ ಮನೆಯಾಕೆ ಕಡಿದ ಮೂಲೆಯೊಂದನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು.

“ಅಕ್ಕಾರು ಓದಿರಬೇಕ್ರಿ. ನನಗ ತಿಳೀಲಿಲ್ಲ. ನಂದೇ ತಪ್ಪು” ಎಂದಳು.

ಟೀಚರ್ ಕೆಲಸ ನನಗೆ ಬಂತು. ಟೀಚರಮ್ಮನ ಮಗುವಿಗೆ ಸೀಟು ಎಂಬ ನಿಯಮ ಮೊದಲೇ ಇತ್ತು, ಗದ್ದೆಯ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ. ವರ್ಷ ಮುಗಿದ ಮೇಲೆ ಅವಳ ಮಗಳ ಸೀಟು ಹೋಯಿತು. ಮುಂದಿನ ಜೂನ್‌ನಲ್ಲಿ ನನ್ನ ಮಗಳು ಕಪ್ಪು ಬೂಟು ಹಾಕಿ ನಮ್ಮದೇ ಕಟ್ಟೆಯ ಮೇಲೆ ಕೂತಳು. ಅವಳ ಮಗಳು ಚೀಲ ಹೆಗಲಿಗೇರಿಸಿ ನಡೆದು ಮತ್ತೆ ಸರ್ಕಾರಿ ಶಾಲೆಗೆ ಹೋದಳು. ಏಳನೆಯದಕ್ಕೆ ಶಾಲೆ ಬಿಟ್ಟು ಭತ್ತದ ಕಳೆ ಕೀಳಲು ಹೋಗತೊಡಗಿದಳು, ನಮ್ಮ ಗದ್ದೆಗೂ ಬಂದಳು. ಹದಿನೇಳಕ್ಕೋ ಹದಿನೆಂಟಕ್ಕೋ ಕಂಪ್ಲಿ ಕಡೆ ಮದುವೆಯಾಗಿ ಹೋದಳು. ಬೇಕಾದದ್ದೆಲ್ಲ ಸಿಕ್ಕ ಮೇಲೆ ನನ್ನ ಹೊಟ್ಟೆಕಿಚ್ಚು ಆರಬೇಕಿತ್ತಲ್ಲ? ಆರಲಿಲ್ಲ. ಗೋಡೆಯಾಚೆ ಅವಳು ರೊಟ್ಟಿ ಬಡಿಯುತ್ತ ಹಾಡಿಕೊಳ್ಳುತ್ತಿದ್ದಳು. ಎಲ್ಲ ಕಳೆದುಕೊಂಡವಳು ಹಾಡುತ್ತಾಳೆ, ಎಲ್ಲ ಪಡೆದವಳಿಗೆ ಹಾಡಲು ಬರುವುದಿಲ್ಲ. ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

ನನ್ನ ಕೈಕೆಳಗೆ ಕೌದಿ ಕೇಂದ್ರ ಎರಡೇ ವರ್ಷ ನಡೆಯಿತು. ಹಿಂಬದಿ ನೋಡುವ ಮೇಡಂ ಎದುರು ನನ್ನ ಆಟ ಎಷ್ಟು ದಿನ? ಟ್ರಸ್ಟಿನವರು ಅದನ್ನು ಮುಚ್ಚಿ ಅದೇ ಜಾಗದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ಶುರು ಮಾಡಿದರು. ಅದನ್ನು ನನಗೇ ಕೊಟ್ಟರು, ಅದು ನನಗೆ ಹೊಂದಿತು. ಅಕ್ಷರ ಕಲಿಸುವುದರಲ್ಲಿ ನಾನು ಒಳ್ಳೆಯವಳೇ. ಮೊದಲ ದಿನವೇ ಸ್ಲೇಟು ಹಿಡಿದು ಮುಂದಿನ ಸಾಲಿನಲ್ಲಿ ಬಂದು ಕೂತವಳು ಹಿಂದಿನ ಮನೆಯಾಕೆ.

“ಅವತ್ತು ಓದಾಕ ಬಂದಿದ್ರ ಹಂಗ ಆಗ್ತಿದ್ದಿಲ್ಲ ನೋಡ್ರಿ ಅಕ್ಕಾರ” ಎಂದಳು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಅವಳ ಬೆರಳು ಸೂಜಿಗೆ ಪಳಗಿದ್ದು, ಬಳಪಕ್ಕೂ ಬೇಗ ಪಳಗಿತು. ವರ್ಷದೊಳಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ ಹತ್ತಿತು. ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಮಂಡಕ್ಕಿ ಕಟ್ಟಿಕೊಟ್ಟ ಪೇಪರು, ಲಾರಿಗಳ ಹಿಂದೆ ಬರೆದ ಸಾಲು. ಹೊಸದಾಗಿ ಓದು ಬಂದ ಎಲ್ಲರೂ ಹಾಗೇ ಮಾಡುತ್ತಿದ್ದರು. ಓಣಿಯಲ್ಲಿ ನಡೆದರೆ ಎಲ್ಲಿ ನೋಡಿದರೂ ಅಕ್ಷರ ಕೂಡಿಸುವ ಸದ್ದು.

ಟ್ರಸ್ಟಿನಲ್ಲಿ ಒಂದು ಶಿಸ್ತಿತ್ತು. ಬಂದ ಕಾಗದ ಒಂದನ್ನೂ ಬಿಸಾಡುವಂತಿಲ್ಲ, ಫೈಲಿಗೆ ಹಾಕಬೇಕು. ಆ ಕಾಗದವನ್ನೂ ಹಾಕಿದ್ದೆ. ಹರಿದು ಒಲೆಗೆ ಹಾಕಬಹುದಿತ್ತು, ಕೈ ಬಂದಿರಲಿಲ್ಲ. ಒಂದು ಬೇಸಿಗೆ ಗೋದಾಮಿಗೆ ಸುಣ್ಣ ಹೊಡೆಸುವಾಗ, ಗೊರಲೆ ಹುಳ ಹಿಡಿಯಬಾರದೆಂದು ಹಳೆಯ ಫೈಲು ಬಿಚ್ಚಿ ಅಂಗಳದ ಬಿಸಿಲಿಗೆ ಹರವಿದೆವು, ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲು. ಅವಳು ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಓದುತ್ತ ಸರಿಯುತ್ತಿದ್ದಳು. ನಾನು ನೆರಳಿನಲ್ಲಿ ಅಕ್ಕಿ ಆರಿಸುತ್ತಿದ್ದೆ.

“ಕೌ-ದಿ-ಗ-ಳ-ನ್ನು ಎರಡು ದಿನ ಬಿಸಿಲಿಗೆ…”

ನನ್ನ ಕೈ ಮೊರದಲ್ಲೇ ನಿಂತಿತು. ಎದ್ದು ಹೋಗಿ ಕಿತ್ತುಕೊಳ್ಳಬೇಕು ಅಂದುಕೊಂಡೆ, ಏಳಲಿಲ್ಲ. ಅವಳು ಬೇವಿನ ಸೊಪ್ಪು ದಾಟಿದಳು, ದಸರೆ ದಾಟಿದಳು. “ಮೂ-ಲೆ-ಯ-ಲ್ಲಿ ತಿ-ನಿ-ಸು…” ದನಿ ಸಣ್ಣದಾಗುತ್ತ ಹೋಯಿತು. ಕೊನೆಗೆ ತುಟಿ ಮಾತ್ರ ಆಡುತ್ತಿತ್ತು. ಮತ್ತೆ ಮೊದಲಿನಿಂದ ಬೆರಳಿಟ್ಟು ಓದಿದಳು. ಆಮೇಲೆ ಕಲ್ಲನ್ನು ಮೊದಲಿನ ಹಾಗೇ ಕಾಗದದ ಮೇಲೆ ಇಟ್ಟಳು.

“ಇದು ಅವತ್ತು ನೀವು ಓದಿ ಹೇಳಿದ್ದಲ್ರೀ ಅಕ್ಕಾರ?”

“ಹೂಂ” ಎಂದೆ.

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಮರುದಿನ ತರಗತಿಗೆ ಬಂದು ಮುಂದಿನ ಸಾಲಿನಲ್ಲೇ ಕೂತಳು. ಅಕ್ಕಾರ ಎಂದೇ ಕರೆದಳು. ಆದರೆ ಅವತ್ತಿನಿಂದ ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಬರಲಿಲ್ಲ. ಬೆಲ್ಲ ಕೇಳಲಿಲ್ಲ, ಮಜ್ಜಿಗೆ ಕೇಳಲಿಲ್ಲ, ನಾನಾಗಿ ಕೊಟ್ಟ ಸೀರೆಯನ್ನೂ “ಬ್ಯಾಡ್ರಿ, ಐತಿ” ಎಂದಳು. ಬೆಳಿಗ್ಗೆ ರೊಟ್ಟಿ ಬಡಿಯುವಾಗಿನ ಹಾಡೂ ನಿಂತುಹೋಯಿತು.

ನನ್ನ ಮಗಳು ಕಂಪನಿ ಶಾಲೆ ಮುಗಿಸಿ ಬಳ್ಳಾರಿಯಲ್ಲಿ ಓದಿದಳು, ಟೀಚರಾದಳು, ಮದುವೆಯಾಯಿತು. ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದು ಹೆಣ್ಣು ಹೆತ್ತಳು. ತೊಟ್ಟಿಲ ದಿನ ಓಣಿಯವರೆಲ್ಲ ಬಂದರು. ಹಿಂದಿನ ಮನೆಯಾಕೆಯೂ ಬಂದಳು, ಎಷ್ಟೋ ವರ್ಷದ ಮೇಲೆ. ಕೈಯಲ್ಲಿ ಕೂಸಿನ ಕೌದಿ, ಚಿಕ್ಕದು, ಅರಿಶಿನ ಮತ್ತು ಹಸಿರು ತುಂಡುಗಳದ್ದು. ಮಗಳು ಖುಷಿಯಿಂದ ಕೈಗೆ ತೆಗೆದುಕೊಂಡು ಮೊದಲು ಮಗುಚಿ ನೋಡಿದಳು. ಮುಂದೆ ಹೇಗೋ ಹಿಂದೆಯೂ ಹಾಗೇ.

ಎಲ್ಲರೂ ಫಳಾರಕ್ಕೆ ಕೂತಾಗ ನಾನು ಆ ಕೌದಿಯ ಮೂಲೆಗಳನ್ನು ಒಂದೊಂದಾಗಿ ಹಿಚುಕಿ ನೋಡಿದೆ. ನಾಲ್ಕೂ ಮೆತ್ತಗಿದ್ದವು. ತಲೆಯೆತ್ತಿದರೆ ಅವಳು ಎದುರಿಗೇ ನಿಂತಿದ್ದಳು.

“ಏನೂ ಇಟ್ಟಿಲ್ರಿ ಅಕ್ಕಾರ. ಇಡಬಾರದು ಅಂತ ಬರದಿತ್ತಲ್ಲ, ಓದೀನಿ” ಎಂದಳು. ತೊಟ್ಟಿಲಲ್ಲಿದ್ದ ಕೂಸಿನ ಗಲ್ಲ ಮುಟ್ಟಿ ಮುತ್ತಿಟ್ಟು ಹೊರಟುಹೋದಳು.

ನನ್ನ ಮೊಮ್ಮಗಳು ಹೊದೆಯುವ ಕೌದಿ ಉಪವಾಸ. ಜನ ಹೋದ ಮೇಲೆ ಸೂಜಿ ತಂದು ಒಂದು ಮೂಲೆ ಬಿಚ್ಚಿದೆ. ರೊಟ್ಟಿಯ ಚೂರು, ಬೆಲ್ಲದ ಚೂರು ಇಟ್ಟೆ. “ತಗೋ, ಉಣ್ಣು” ಅನ್ನಲು ಹೋದೆ, ಬಾಯಿ ಬರಲಿಲ್ಲ. ಹೊಲಿದು ನೋಡಿದರೆ ಅವಳ ಹೊಲಿಗೆಯ ಪಕ್ಕದಲ್ಲಿ ನನ್ನದು ವಾರೆಕೋರೆ. ಎರಡು ಸಲ ಬಿಚ್ಚಿ ಹೊಲಿದೆ. ಅದೇ ವಾರೆಕೋರೆ. ಆ ಹೊತ್ತಿನಲ್ಲೂ, ದೇವರೇ, ಅವಳ ಬೆರಳು ನನಗೆ ಯಾಕೆ ಕೊಡಲಿಲ್ಲ ಎಂದೇ ಹೊಟ್ಟೆ ಉರಿಯಿತು.

ಮೂರನೆಯ ದಿನ ಬೆಳಿಗ್ಗೆ ಕೂಸು ಚಿಟ್ಟನೆ ಚೀರಿತು. ತೊಟ್ಟಿಲ ತುಂಬ ಕೆಂಪಿರುವೆ. ಮಗಳು ಕೂಸನ್ನು ಎತ್ತಿಕೊಂಡು ಕೌದಿ ಕೊಡವಿದಳು, ಮೂಲೆ ಹಿಚುಕಿದಳು, ಸಿಟ್ಟಿನಿಂದ ಕೂಗಿದಳು.

“ಅವ್ವಾ, ನೋಡಿಲ್ಲಿ! ಹಿಂದಿನ ಮನಿಯಾಕಿ ಬೆಲ್ಲ ಇಟ್ಟು ಹೊಲದಾಳ! ಅವತ್ತು ಹಿಂಗ ಮಾಡಿ ಕೆಲಸ ಕಳಕೊಂಡ್ಲು, ಇನ್ನೂ ಬುದ್ಧಿ ಬಂದಿಲ್ಲ ಆಕಿಗೆ?”

ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅವಳಿಗೆ ಎಲ್ಲ ಕೇಳುತ್ತಿತ್ತು. ಹೌದು ಎಂದರೂ ನಡೆಯುತ್ತಿತ್ತು. ಸುಮ್ಮನಿದ್ದರೂ ನಡೆಯುತ್ತಿತ್ತು. ಸುಮ್ಮನಿರುವುದು ನನಗೆ ರೂಢಿಯಾಗಿತ್ತು.

“ಆಕಿ ಇಟ್ಟಿಲ್ಲ” ಎಂದೆ. ದನಿ ನನಗೇ ಕೇಳಿಸಲಿಲ್ಲ. ಗೋಡೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ. “ಆಕಿ ಇಟ್ಟಿಲ್ಲ. ನಾನು ಇಟ್ಟೀನಿ. ಅವತ್ತು ಬೆಲ್ಲ ಕೊಟ್ಟಾಕಿನೂ ನಾನ. ಕಾಗದದಾಗಿನ ಆ ಸಾಲು ನಾನು ಓದಲಿಲ್ಲ.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಕೂಸನ್ನು ಎದೆಗೆ ಒತ್ತಿ ಹಿಡಿದ ಮಗಳು ನನ್ನನ್ನೇ ನೋಡುತ್ತ ನಿಂತಳು. ತನ್ನ ಶಾಲೆ, ತನ್ನ ಬೂಟು, ತನ್ನ ನೌಕರಿ ಎಲ್ಲಿಂದ ಬಂದವು ಎಂಬುದು ಅವಳ ಮುಖದಲ್ಲಿ ಒಂದೊಂದಾಗಿ ಇಳಿಯುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಗೋಡೆಯಾಚೆ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು.